ಪುಕ್ಕಟೆ ಕೊಟ್ಟ ನಮೂನೆ

ನೌಕರಿ ಕೊಡುವವರು ಕಾಯಿಸಿದರೆ ಕಾಯಿರಿ. ಕಾಯುವುದು ನಮ್ಮಂಥವರಿಗೆ ಹೊಸದಲ್ಲ. ಆದರೆ ಕಾಯಿಸುವ ಹೊತ್ತಿನಲ್ಲೇ ನಿಮ್ಮ ಕೈಯಿಂದ ಅವರ ಕೆಲಸ ಮಾಡಿಸಿಕೊಳ್ಳಲು ಶುರು ಮಾಡಿದರೆ, ಚಪ್ಪಲಿ ಮೆಟ್ಟಿ ಎದ್ದು ಬನ್ನಿ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದೆನೋ ಇಲ್ಲವೋ. ಬುದ್ಧಿ ಹೇಳುವ ಚಟ ಇದ್ದವರಿಗೆ ಕೇಳುವ ಚಟ ಕಡಿಮೆ.

ನನ್ನ ತವರು ಡಾಬಕಾ ಕಡೆ. ಕುರಿ ಕಾಯುವವರ ಮನೆ. ಹತ್ತನೇ ತರಗತಿ ಪಾಸಾಗಿ, ಮದುವೆಯಾಗಿ ಬೀದರಿಗೆ ಬಂದ ಮೇಲೆ ಫ್ಯಾನ್ಸಿ ಸಾಮಾನಿನ ಚೀಲ ಹೆಗಲಿಗೆ ಏರಿಸಿದೆ. ಕ್ಲಿಪ್ಪು, ಟಿಕಲಿ, ರಿಬ್ಬನ್ನು, ಪಿನ್ನು, ಉಗುರುಬಣ್ಣ. ಬೀದರಿನ ಹೋಲ್‌ಸೇಲ್ ಅಂಗಡಿಯಿಂದ ಎತ್ತುವುದು, ಬಸ್ಸು ಹತ್ತಿ ಭಾಲ್ಕಿ, ಔರಾದ, ಕಮಲನಗರದ ಸಣ್ಣ ಅಂಗಡಿಗಳಿಗೆ ಹಾಕುವುದು. ಚೌಕಾಶಿಯನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಕಮಲನಗರದಲ್ಲಿ ಮರಾಠಿಯಲ್ಲಿ ಬೈಸಿಕೊಂಡು, ಔರಾದದಲ್ಲಿ ಕನ್ನಡದಲ್ಲಿ ಬೈಸಿಕೊಂಡು ಕಲಿತದ್ದು. ಎದುರಿನವನು ಬೆಲೆ ಹೇಳುವ ತನಕ ಬಾಯಿ ಬಿಡಬಾರದು. ಹೇಳಿದ ಮೇಲೆ ಮುಖ ಸಣ್ಣ ಮಾಡಿ ಚೀಲದ ಬಾಯಿ ಕಟ್ಟಲು ಶುರು ಮಾಡಬೇಕು. ಇಷ್ಟೇ ವಿದ್ಯೆ. ಇದರಲ್ಲೇ ಮನೆ ನಡೆಸಿದೆ.

ಈಚೆಗೆ ಹೋಲ್‌ಸೇಲಿನವರು ಫೋನಿನಲ್ಲೇ ಆರ್ಡರ್ ಹಿಡಿದು, ಪಾರ್ಸಲ್ ಮಾಡಿ ನೇರವಾಗಿ ಅಂಗಡಿಗಳಿಗೇ ಕಳಿಸುವುದಕ್ಕೆ ಶುರು ಮಾಡಿದರು. ನಡುವಿನ ನಾನು ಯಾರಿಗೂ ಬೇಡವಾಗತೊಡಗಿದೆ. ಮೊಣಕಾಲೂ ಮಾತು ಕೇಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮೊಬೈಲಿಗೆ ಒಂದು ಜಾಹೀರಾತು ಬಂತು. ಬೀದರಿನ ನೌಬಾದದಲ್ಲಿ ಹೊಸ ಮಾರ್ಕೆಟಿಂಗ್ ಏಜೆನ್ಸಿ, ಜಿಲ್ಲೆಗೆ ಫೀಲ್ಡ್ ಮ್ಯಾನೇಜರ್ ಬೇಕು, ಅಂಗಡಿಗಳವರ ಪರಿಚಯ ಇದ್ದವರಿಗೆ ಮೊದಲ ಆದ್ಯತೆ. ಇದು ನನಗಾಗಿಯೇ ಬರೆದದ್ದು ಎನ್ನಿಸಿತು. ಹಾಗೆ ಅನ್ನಿಸುವಂತೆ ಬರೆಯುವುದೇ ಅವರ ಕಸುಬು ಎಂದು ಆಗ ಹೊಳೆಯಲಿಲ್ಲ.

ಟೈರ್ ಅಂಗಡಿಯ ಮೇಲಿನ ಮಹಡಿ. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಕೋಣೆ, ಹೊರಗೆ ಬಿಸಿಲು ಬೀಳುವ ಕಟ್ಟೆಯ ಮೇಲೆ ನಾವು, ನೌಕರಿ ಕೇಳಲು ಬಂದವರು. ಹತ್ತು ಗಂಟೆಗೆ ಬರಹೇಳಿದವರು ಒಂದು ಗಂಟೆಗೆ ಒಳಗೆ ಕರೆದರು. ಮ್ಯಾನೇಜರನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಕೊರಳಲ್ಲಿ ಪಟ್ಟಿ, ಅದಕ್ಕೆ ಅವನದೇ ಫೋಟೊ. ತನ್ನ ಆಫೀಸಿನಲ್ಲಿ ತನ್ನ ಗುರುತು ತಾನೇ ತೂಗುಹಾಕಿಕೊಂಡು ಕೂತವನನ್ನು ನಾನು ನೋಡಿದ್ದು ಅದೇ ಮೊದಲು. ಮಾತು ಬೆಂಗಳೂರಿನ ಧಾಟಿ.

"ಇನ್ನು ಐದು ವರ್ಷದಲ್ಲಿ ನಿಮ್ಮನ್ನು ನೀವು ಎಲ್ಲಿ ನೋಡ್ತೀರಿ, ಮೇಡಂ?"

"ಕನ್ನಡಿಯಾಗ ನೋಡ್ತೇನಿ ರೀ. ಮತ್ತೆಲ್ಲಿ ನೋಡಲಿ?"

ಅವನು ನಗಲಿಲ್ಲ. ಏನೋ ಬರೆದುಕೊಂಡ. ನಾನು ನನ್ನ ಪದ್ಧತಿಯಂತೆ ಮೊದಲು ಕೇಳಬೇಕಾದ್ದನ್ನು ಕೇಳಿದೆ.

"ಪಗಾರ ಎಷ್ಟು ಕೊಡ್ತೀರಿ?"

"ಅದು ಕೊನೆಯ ರೌಂಡಲ್ಲಿ ಮಾತಾಡೋದು, ಮೇಡಂ."

ಅಲ್ಲೇ ಎದ್ದು ಬರಬೇಕಿತ್ತು. ಬೆಲೆ ಹೇಳದ ಅಂಗಡಿಯವನು ನಿಮ್ಮ ಮುಖ ನೋಡಿ ಬೆಲೆ ಕಟ್ಟುವವನು. ಇದನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೆ! ಆದರೆ ತಿಂಗಳ ಪಗಾರ ಎಂಬ ಮಾತಿಗೆ ಒಂದು ಪರಿಮಳ ಇದೆ. ದಿನಗಳಿಕೆಯವರ ಮೂಗಿಗೆ ಅದು ಬೇಗ ಹತ್ತುತ್ತದೆ.

ಎರಡನೆಯ ರೌಂಡಿಗೆ ಮತ್ತೆ ಬರಹೇಳಿದರು. ಹೋದರೆ ಸರ್ ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ. ನಾಳೆ ಹೋದರೆ ಕರೆಂಟಿಲ್ಲ, ಸೋಮವಾರ ಬನ್ನಿ. ನನಗೆ ಆಟೋ ಸಾಕು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಔರಾದದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಎಂ.ಬಿ.ಎ. ಮಾಡಿದವಳು. ಅವರ ಅಜ್ಜ ಕೂಲಿ, ಅಪ್ಪ ಸರ್ಕಾರಿ ಸಾಲೆಯ ಮಾಸ್ತರ. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊದ ಕೆಳಗೆ ಇವಳ ಪದವಿಯ ಫೋಟೊ ಇದೆಯಂತೆ. ಬಂದಾಗಲೆಲ್ಲ ಅದೇ ಇಸ್ತ್ರಿ ಮಾಡಿದ ನೀಲಿ ಕುರ್ತಾ, ಕೈಯಲ್ಲಿ ಅದೇ ಫೈಲು.

ಎರಡನೆಯ ರೌಂಡಿನಲ್ಲಿ ನಮ್ಮನ್ನೆಲ್ಲ ಸುತ್ತ ಕೂರಿಸಿ ಚರ್ಚೆ ಮಾಡಿ ಅಂದರು. ಗ್ರಾಹಕ ದೊಡ್ಡವನೋ, ವ್ಯಾಪಾರಿ ದೊಡ್ಡವನೋ. ಗಂಡುಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದರು. ಹುಡುಗಿ ಕೈ ಎತ್ತಿ ಕಾದಳು. ಅವಳ ಸರತಿ ಬರಲೇ ಇಲ್ಲ. ಮ್ಯಾನೇಜರ್ ಫೋನು ನೋಡುತ್ತಿದ್ದ. ಹೊರಗೆ ಬಂದ ಮೇಲೆ ಅವಳ ತೋಳು ಹಿಡಿದು ಹೇಳಿದೆ: "ತಂಗಿ, ಕೈ ಎತ್ತಿ ಕೂಡಾಕ ಇದು ಸಾಲಿ ಅಲ್ಲ. ನಡುವ ಬಾಯಿ ಹಾಕು."

"ನಡುವ ಬಾಯಿ ಹಾಕಿದ್ರ ನಮ್ಮಂಥವ್ರಿಗೆ ಸೊಕ್ಕು ಅಂತಾರ ರೀ ಅಕ್ಕಾ," ಅಂದಳು.

ಮೂರನೆಯ ರೌಂಡೇ ಈ ಕತೆ. ಮ್ಯಾನೇಜರ್ ನಮ್ಮೆಲ್ಲರನ್ನು ನಿಲ್ಲಿಸಿ ಹೇಳಿದ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಅಂಗಡಿಗೆ ಹೋಗಿ ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನಿ. ಅಂಗಡಿಯ ಮುಂಭಾಗ, ಸಾಮಾನು, ಮಾಲೀಕರ ಬಾಯಿಂದ ಎರಡು ಒಳ್ಳೆಯ ಮಾತು. ಅಂಗಡಿಯವರು ನಿಮ್ಮನ್ನು ಎಷ್ಟು ನಂಬುತ್ತಾರೆ ಅನ್ನುವುದೇ ಪರೀಕ್ಷೆ.

"ಈ ವಿಡಿಯೊ ಎಲ್ಲಿ ಹಾಕ್ತೀರಿ?" ಎಂದು ಕೇಳಿದವಳು ನಾನೊಬ್ಬಳೇ.

"ಎಲ್ಲೂ ಹಾಕಲ್ಲ, ಮೇಡಂ. ಇದು ಬರೀ ಟೆಸ್ಟ್."

ಭಾಲ್ಕಿಯ ಸಂತೆ ಬಯಲಿಗೆ ಹೋಗುವ ಓಣಿಯಲ್ಲಿ ಒಬ್ಬ ಮುದುಕಿಯ ಬಳೆ ಅಂಗಡಿ ಇದೆ. ಗಡಿ ಸೀಮೆಯವರಾದ ನಾವು ಚಿಕ್ಕಮ್ಮನಿಗೆ ಮಾವಶಿ ಅನ್ನುತ್ತೇವೆ. ನಾನು ಅವರನ್ನು ಹಾಗೇ ಕರೆಯುವುದು. ನಾನು ಚೀಲ ಹೊತ್ತು ಹೊರಟ ಹೊಸತರಲ್ಲಿ, ಯಾರೂ ಕಣ್ಣೆತ್ತಿ ನೋಡದಾಗ, ನನ್ನ ಮಾಲು ಇಟ್ಟುಕೊಂಡವರು ಅವರು. ಪ್ರೀತಿಯಿಂದ ಅಲ್ಲ. ಬೈಯುತ್ತಲೇ ಇಟ್ಟುಕೊಂಡರು. ಭಾಲ್ಕಿಯಲ್ಲಿ ಉಳಿದ ಅಂಗಡಿಯವರೆಲ್ಲ, ಆ ಮುದುಕಿ ತಗೊಂಡಿದ್ದರೆ ಮಾಲು ಸರಿ ಇರಬೇಕು ಎಂದು ತಗೊಳ್ಳುತ್ತಿದ್ದರು. ಅಂದರೆ ಭಾಲ್ಕಿಯಲ್ಲಿ ನನ್ನ ವ್ಯಾಪಾರ ನಿಂತಿದ್ದು ಅವರ ಕಟ್ಟೆಯ ಮೇಲೆ. ಅವರು ನನ್ನನ್ನು ಇಳಿಸಿದರೆ ಊರೇ ಇಳಿಸಿದ ಹಾಗೆ.

ಅವರ ಅಂಗಡಿಗೇ ಹೋದೆ.

"ನನ್ನ ಮಾರಿ ಯಾಕ ಬೇಕು ಅವರಿಗೆ?" ಮಾವಶಿ ಸೆರಗು ಮುಖಕ್ಕೆ ಅಡ್ಡ ಹಿಡಿದರು. "ಹಲ್ಲಿಲ್ಲ, ಏನಿಲ್ಲ."

"ಪರೀಕ್ಷಾ ಅದ ಮಾವಶಿ. ನೀವು ಎರಡು ಮಾತು ಹೇಳಿದ್ರ ನಂಗ ನೌಕರಿ ಆಗ್ತದ."

"ಮತ್ತ ಊರೆಲ್ಲ ತಿರುಗಸ್ತಾರೇನು ಅದನ್ನ? ನಮ್ಮ ಅಳಿಯ ಮೊಬೈಲ್ನಾಗ ಎಂಥೆಂಥವೋ ನೋಡ್ತಾನ."

"ಎಲ್ಲೂ ತಿರುಗಸಂಗಿಲ್ಲ. ನನ್ನ ಜಬಾನ್ ಅದ."

ಜಬಾನ್ ಅಂದರೆ ಕೊಟ್ಟ ಮಾತು. ಪೇಟೆಯಲ್ಲಿ ನನ್ನ ಬಳಿ ಇದ್ದ ಬಂಡವಾಳ ಅದೊಂದೇ. ಮಾವಶಿ ಸೆರಗು ಸರಿಸಿ, ಕೆಮ್ಮಿ, ಕ್ಯಾಮೆರಾ ಕಡೆ ಕಳ್ಳನನ್ನು ನೋಡಿದಂತೆ ನೋಡಿ ಹೇಳಿದರು: "ಬರ್ರಿ ತಂಗಿಗೋಳ್ರಾ. ನಮ್ಮ ಅಂಗಡ್ಯಾಗ ಬಳಿ ಚೊಲೊ ಅವ. ಎಲ್ಲಾರೂ ಬರ್ರಿ." ಔರಾದದ ಹುಡುಗಿ ತನ್ನ ಸೋದರಮಾವನ ಟೇಲರ್ ಅಂಗಡಿಯ ವಿಡಿಯೊ ಮಾಡಿಕೊಂಡು ಬಂದಳು. ಇಬ್ಬರೂ ಕೊಟ್ಟೆವು.

ವಾರ ಕಳೆದ ಮೇಲೆ ಮೊಬೈಲಿಗೆ ಸಂದೇಶ ಬಂತು. ಈ ಸಲ ತಮ್ಮನ್ನು ಆಯ್ಕೆ ಮಾಡಲಾಗಲಿಲ್ಲ, ತಮ್ಮ ಮಾಹಿತಿ ನಮ್ಮಲ್ಲಿ ಇರುತ್ತದೆ, ಶುಭವಾಗಲಿ. ಹುಡುಗಿಗೂ ಅದೇ. ಗುಂಪು ಚರ್ಚೆಯಲ್ಲಿ ಬಾಯಿ ಮಾಡಿದ ಗಂಡುಹುಡುಗರಿಗೂ ಅದೇ, ಅಕ್ಷರ ಬದಲಿಲ್ಲ. ನಮ್ಮ ತಂಡದಲ್ಲಿ ಒಬ್ಬರನ್ನೂ ತೆಗೆದುಕೊಂಡಿರಲಿಲ್ಲ. ಸಿಟ್ಟು ಬಂತು, ನುಂಗಿದೆ. ಮಾಲು ಹೋಗದಿದ್ದರೆ ಚೀಲ ಕಟ್ಟಿಕೊಂಡು ಬರುವುದು ನನಗೆ ರೂಢಿ.

ಪಂಚಮಿ ಹಬ್ಬದ ಮುಂಚಿನ ಸಂತೆಯ ದಿನ ಮಧ್ಯಾಹ್ನ ಮಾವಶಿಯ ಅಳಿಯನ ಫೋನಿನಿಂದ ಕರೆ ಬಂತು. ಮಾತು ಕೇಳಿಸಲಿಲ್ಲ, ಹೆಂಗಸರ ಗದ್ದಲ ಮಾತ್ರ. ನಡುವೆ ಮಾವಶಿಯ ದನಿ: "ಏ ಪೋರಿ, ಏನ್ ಮಾಡಿಟ್ಟಿ ನೀ? ಬಂದು ನೋಡು ಬಾ, ನಿನ್ನ ಪರೀಕ್ಷಾ!"

ಸಿಕ್ಕ ಬಸ್ಸು ಹತ್ತಿದೆ. ಓಣಿಯ ಬಾಯಿಗೆ ಹೋಗುವಷ್ಟರಲ್ಲಿ ನನಗೆ ದಾರಿ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಅಂಗಡಿಯ ಮುಂದೆ ಕಿಕ್ಕಿರಿದಿದ್ದರು. ಒಬ್ಬಳ ಕೈಯಲ್ಲಿದ್ದ ಮೊಬೈಲ್ ಇಣುಕಿ ನೋಡಿದೆ. ಮಾವಶಿಯ ಮುಖ. ನನ್ನದೇ ವಿಡಿಯೊ. ಅದೇ ಕೆಮ್ಮು, ಅದೇ "ಎಲ್ಲಾರೂ ಬರ್ರಿ". ಅದರ ಕೆಳಗೆ ದಪ್ಪ ಕೆಂಪು ಅಕ್ಷರದಲ್ಲಿ: ಪಂಚಮಿ ವಿಶೇಷ, ಎಲ್ಲಾ ಬಳೆ ಅರ್ಧ ಬೆಲೆ, ಈ ಸಂತೆ ದಿನ ಮಾತ್ರ.

ಬೇರೆ ಅಂಗಡಿಯಾಗಿದ್ದರೆ ಮಾಲೀಕ ಇದು ಸುಳ್ಳು ಅನ್ನುತ್ತಿದ್ದ, ಸಾಮಾನು ವಾಪಸು ಕಿತ್ತುಕೊಳ್ಳುತ್ತಿದ್ದ, ಮುಗಿಯುತ್ತಿತ್ತು. ಬಳೆಯದು ಹಾಗಲ್ಲ. ಹೆಣ್ಣುಮಗಳು ಬಂದು ಕೈ ಚಾಚುತ್ತಾಳೆ, ಮಾವಶಿ ಅವಳ ಬೆರಳು ಹಿಂಡಿ ಹಿಂಡಿ ಒಂದೊಂದೇ ಬಳೆ ಏರಿಸುತ್ತಾರೆ, ಕೈ ತುಂಬುತ್ತದೆ, ಅವಳು ಬಳೆಗೆ ಕಣ್ಣೊತ್ತಿಕೊಳ್ಳುತ್ತಾಳೆ. ರೊಕ್ಕದ ಮಾತು ಬರುವುದು ಆಮೇಲೆ. ಅರ್ಧ ಬೆಲೆ ಅಂತ ಅವಳು ಮೊಬೈಲ್ ತೋರಿಸುವುದೂ ಆಗಲೇ. ಮುತ್ತೈದೆಯ ಕೈಗೆ ಇಟ್ಟ ಬಳೆಯನ್ನು, ಅದೂ ಹಬ್ಬದ ಹೊತ್ತಿನಲ್ಲಿ, ಬಳೆಗಾರ್ತಿ ತನ್ನ ಕೈಯಿಂದ ತೆಗೆಯುವುದುಂಟೇ? ಬಳೆ ತೆಗೆಯುವುದು ಯಾವಾಗ ಎಂದು ಎಲ್ಲರಿಗೂ ಗೊತ್ತು. ಮಾವಶಿ ಜೀವ ಹೋದರೂ ಆ ಕೆಲಸ ಮಾಡುವವರಲ್ಲ. ಕೈ ಚಾಚಿದವಳನ್ನು ಬರಿಗೈಲಿ ಕಳಿಸುವವರೂ ಅಲ್ಲ. ಇಟ್ಟದ್ದಕ್ಕೆಲ್ಲ ಅರ್ಧವೇ ಸಿಕ್ಕಿತು.

ಬೆಲೆ ಮೊದಲೇ ಹೇಳಿ ಇಡಬಾರದಿತ್ತೇ ಎಂದು ನೀವು ಕೇಳಬಹುದು. ಹೇಳಿದರಂತೆ. ಹೇಳಿದ್ದಕ್ಕೆ ಒಬ್ಬಳು, "ಮೊಬೈಲ್ನಾಗ ಎಲ್ಲಾರೂ ಬರ್ರಿ ಅಂತ ಕರೀತಿ, ಇಲ್ಲಿ ಬಂದ್ರ ಮಾತು ತಿರುಗಸ್ತಿ, ಸುಳ್ಳಬುರಕಿ," ಎಂದು ಓಣಿ ಕೇಳುವಂತೆ ಕೂಗಿದಳು. ಒಂದು ಆಯುಷ್ಯದಲ್ಲಿ ಯಾರೂ ಅನ್ನದ ಮಾತು. ಅದಾದ ಮೇಲೆ ಮಾವಶಿ ಬಾಯಿ ಮುಚ್ಚಿಕೊಂಡು ಇಡುತ್ತ ಹೋದರು.

ಜನ ಕರಗಿದ ಮೇಲೆ ನಾನು ಕಟ್ಟೆ ಏರಲು ಹೋದೆ.

"ಇಳಿ," ಅಂದರು.

"ಮಾವಶಿ, ನಂಗೂ ಗೊತ್ತಿರಲಿಲ್ಲ..."

"ಗೊತ್ತಿಲ್ಲದ್ದಕ್ಕ ಜಬಾನ್ ಯಾಕ ಕೊಟ್ಟಿ? ಇಳಿ ಕೆಳಗ. ನಿನ್ನ ಕ್ಲಿಪ್ಪೂ ಬ್ಯಾಡ, ನೀನೂ ಬ್ಯಾಡ."

ಮರುದಿನ ಔರಾದದ ಹುಡುಗಿಯೇ ಫೋನ್ ಮಾಡಿದಳು. ಅವಳ ಸೋದರಮಾವನಿಗೂ ಇದೇ ಗತಿ. ಒಂದು ಕುಬಸ ಹೊಲಿಸಿದರೆ ಒಂದು ಉಚಿತ ಎಂದು ಜಾಹೀರಾತು. ಅವರು ಅಂಗಡಿಯ ಬಾಗಿಲು ಹಾಕಿ ಮನೆಯಲ್ಲಿ ಕೂತಿದ್ದರು. ಇಬ್ಬರೂ ಸೇರಿ ನೌಬಾದಕ್ಕೆ ಹೋದೆವು.

ಕಟ್ಟೆಯ ಮೇಲೆ ಹೊಸ ತಂಡ ಕೂತಿತ್ತು. ಹೊಸ ಫೈಲುಗಳು, ಹೊಸ ಇಸ್ತ್ರಿ. ಒಬ್ಬ ಹುಡುಗ ತನ್ನ ಮೊಬೈಲಿನಲ್ಲಿ ಯಾವುದೋ ಕಿರಾಣಿ ಅಂಗಡಿಯ ವಿಡಿಯೊ ಮತ್ತೆ ಮತ್ತೆ ನೋಡಿ ಸರಿಪಡಿಸುತ್ತಿದ್ದ. ನಾನು ಗಾಜಿನ ಬಾಗಿಲು ಪೂರ್ತಿ ತೆರೆದು, ಮುಚ್ಚದಂತೆ ಬೆನ್ನು ಕೊಟ್ಟು ನಿಂತೆ. ಹೊರಗಿನವರಿಗೆ ಕೇಳಬೇಕಲ್ಲ.

ಮ್ಯಾನೇಜರನಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತಿದ ಮೇಲೆ ಅವನು ಕೈ ಜೋಡಿಸಲಿಲ್ಲ, ಕೈ ಕುಲುಕಲು ಬಂದ!

"ಮೇಡಂ, ನಿಮ್ಮ ವಿಡಿಯೊ ಸೂಪರ್. ಎಷ್ಟು ಜನ ಬಂದರು ನೋಡಿದ್ರಾ? ಬೀದರಿನ ದೊಡ್ಡ ಬಟ್ಟೆ ಶೋರೂಮಿನವರಿಗೆ ಅದನ್ನೇ ತೋರಿಸಿದ್ವಿ. ಒಂದು ಹಳ್ಳಿ ಬಳೆ ಅಂಗಡಿಗೇ ಇಷ್ಟು ಜನ ತರ್ತೀವಿ ಅಂದ್ರೆ ನಿಮಗೆಷ್ಟು ತರಬಹುದು ಅಂತ."

ತಲೆಯೊಳಗೆ ದೀಪ ಹತ್ತಿದ್ದು ಆಗ. ಅವರಿಗೆ ಮ್ಯಾನೇಜರ್ ಬೇಕಾಗಿರಲೇ ಇಲ್ಲ. ಶೋರೂಮಿನವರಿಗೆ ತೋರಿಸಲು ನಮೂನೆ ಬೇಕಾಗಿತ್ತು. ಅದನ್ನು ಸಂಬಳ ಕೊಟ್ಟು ಮಾಡಿಸುವ ಬದಲು ನೌಕರಿಯ ಆಸೆ ತೋರಿಸಿ ಮಾಡಿಸಿದ್ದರು.

"ಅರ್ಧ ಬೆಲಿ ಅಂತ ಯಾರು ಬರೆದ್ರು?"

"ಅದು ಕ್ರಿಯೇಟಿವ್, ಮೇಡಂ."

"ನಿನ್ನ ಕ್ರಿಯೇಟಿವ್‌ಗೆ ಬೆಂಕಿ ಬೀಳಲಿ! ಆ ಮುದುಕಿಗೆ ಸುಳ್ಳಬುರಕಿ ಅಂದಾರ ಸಂತ್ಯಾಗ!"

ಕಟ್ಟೆಯ ಮೇಲಿನವರು ಎದ್ದು ಬಾಗಿಲ ಹತ್ತಿರ ಬಂದಿದ್ದರು. ವಿಡಿಯೊ ನೋಡುತ್ತಿದ್ದ ಹುಡುಗನ ಬೆರಳು ನಿಂತಿತ್ತು. ಮ್ಯಾನೇಜರ್ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ದನಿ ಇಳಿಸಿದ.

"ಒಳಗೆ ಬನ್ನಿ, ಮೇಡಂ. ಒಂದು ಪೋಸ್ಟ್ ಖಾಲಿ ಇದೆ. ನಿಮಗೇ ಕೊಡ್ತೀನಿ. ಇವತ್ತೇ ಸೇರಿಕೊಳ್ಳಿ."

ನಾನು ಚೌಕಾಶಿಯವಳು. ಎದುರಿನವನು ಹೆದರಿದಾಗ ಹೇಳುವ ಬೆಲೆ ಯಾವಾಗಲೂ ಒಳ್ಳೆಯ ಬೆಲೆ ಎಂದು ಗೊತ್ತು. ಆದರೆ ಯಾವ ಮಾಲು ಕೊಳ್ಳಲು ಬಂದಿದ್ದೇನೆ ಎನ್ನುವುದನ್ನು ಚೌಕಾಶಿಯ ನಡುವೆ ಮರೆಯಬಾರದು. ಅಂಗಡಿಯವನು ಬೇರೆ ಸಾಮಾನು ಮುಂದೆ ಮಾಡಿದನೆಂದರೆ ನೀವು ಕೇಳಿದ್ದು ಅವನಿಗೆ ಕೊಡಲು ಮನಸ್ಸಿಲ್ಲ ಎಂದು ಅರ್ಥ.

"ನೌಕರಿ ನಿನ್ನ ಹಂತೇಕ ಇಟ್ಕೋ. ಮದಲ ಎರಡೂ ಜಾಹೀರಾತು ತೆಗಿ, ನನ್ನ ಕಣ್ಣ ಮುಂದ. ಆಮ್ಯಾಲ ಸ್ಪೀಕರ್ ಹಚ್ಚಿ ಫೋನ್ ಮಾಡು. ಇವರ ಮಾವಗ, ನಮ್ಮ ಮಾವಶಿಗ. ಸುಳ್ಳ ಬರೆದವ ನಾನು, ಇವರಿಗೆ ಗೊತ್ತಿರಲಿಲ್ಲ ಅಂತ ಹೇಳು."

"ಅದೆಲ್ಲ ಕಂಪನಿ ಪಾಲಿಸಿ..."

"ಆತು. ನಾ ಇಲ್ಲೇ ಬಾಗಲಾಗ ನಿಂದ್ರತೇನಿ. ನೀ ದಿನಾ ಹೊಸಬರನ್ನ ಕರಿ. ನಾ ದಿನಾ ಅವರಿಗೆ ಬಳಿ ಅಂಗಡಿ ಕತಿ ಹೇಳ್ತೇನಿ."

ಆಗ ಅವನ ಬೆಂಗಳೂರು ಕಳಚಿ ಬಿತ್ತು. "ಯಾಕ ಹಿಂಗ ಮಾಡ್ತೀರಿ ಅಕ್ಕಾ? ನಾನೂ ಔರಾದ ಕಡಿಯವನೇ ಇದ್ದೇನಿ. ನಂದೂ ಹೊಟ್ಟಿ ಅದ," ಅಂದ.

ಅಲ್ಲಿಯ ತನಕ ಬಾಯಿ ತೆರೆಯದ ಹುಡುಗಿ ನಡುವೆ ಬಾಯಿ ಹಾಕಿದಳು. "ಔರಾದದವರಾಗಿ ಔರಾದದ ಅಂಗಡಿ ಬಾಗಲಾ ಹಾಕಸೀರಿ. ಫೋನ್ ಹಚ್ರಿ."

ಜಾಹೀರಾತು ಎರಡೂ ತೆಗೆದು, ಫೋನ್ ಹಚ್ಚಿದ. ಟೇಲರ್ ಮಾವ ಎಲ್ಲ ಕೇಳಿಸಿಕೊಂಡು, ಸೋದರಸೊಸೆಯ ತಪ್ಪಿಲ್ಲ ಎಂದಾದರೆ ಸಾಕು ಎಂದು ಫೋನ್ ಇಟ್ಟರು. ಆಮೇಲೆ ಭಾಲ್ಕಿಗೆ. ಅಳಿಯ ಎತ್ತಿ ಮಾವಶಿಯ ಕೈಗೆ ಕೊಟ್ಟ. ಮ್ಯಾನೇಜರ್ ಒಪ್ಪಿಸಿದ: ತಪ್ಪು ನಮ್ಮದು, ಆ ಅಕ್ಕನಿಗೆ ಏನೂ ಗೊತ್ತಿರಲಿಲ್ಲ.

ಮಾವಶಿ ಅವನನ್ನೇ ಕೇಳಿದರು.

"ನೀವು ಯಾರ್ರಿ?"

"ಏಜೆನ್ಸಿಯವ್ರು ರೀ ಅಮ್ಮಾ."

"ಮದಲ ಸುಳ್ಳ ಬರೆದವ್ರು ನೀವೇ ಅಲ್ಲೇನ್ರಿ? ಈಗ ಖರೆ ಹೇಳ್ತೀರಿ ಅಂತ ನಾ ಹ್ಯಾಂಗ ನಂಬಲಿ? ಜಬಾನ್ ಕೊಟ್ಟಾಕಿ ನೀವಲ್ಲ. ಅಕಿ ಬಾಯಿಗೆ ಏನಾಗ್ಯಾದ?"

ಫೋನು ಕಟ್ಟಾಯಿತು. ನಾನು ಗೆದ್ದು ಕೊಂಡ ಮಾಲಿಗೆ ಪೇಟೆಯಲ್ಲಿ ಬೆಲೆ ಇರಲಿಲ್ಲ. ಸುಳ್ಳನ ಬಾಯಿಂದ ನಿಮ್ಮ ಪರವಾಗಿ ಸಾಕ್ಷಿ ಹೇಳಿಸಬೇಡಿ. ಇದು ನಾನು ಕೊಡುವ ಬುದ್ಧಿಯಲ್ಲೆಲ್ಲ ಹೆಚ್ಚು ತುಟ್ಟಿಯದು.

ಮೆಟ್ಟಿಲು ಇಳಿಯುವಾಗ ಹುಡುಗಿ ಹೇಳಿದಳು: "ಅಕ್ಕಾ, ಅಂವ ನೌಕರಿ ನಿಮಗ ಕೊಡ್ತೇನಿ ಅಂದ. ನಂಗ ಅಂದಿದ್ರ ನಾ ಹ್ಞೂಂ ಅಂತಿದ್ನಿ. ಮನ್ಯಾಗ ನೌಕರಿ ಆದಂಗೇ ಅಂತ ಹೇಳಿಟ್ಟೇನಿ."

ಕಟ್ಟೆಯ ಮೇಲಿನ ಹೊಸಬರಲ್ಲಿ ಇಬ್ಬರು ಮಾತ್ರ ನಮ್ಮ ಹಿಂದೆ ಇಳಿದರು. ಉಳಿದವರು ಮತ್ತೆ ಕೂತರು. ಅದರಲ್ಲಿ ಒಬ್ಬ ನನ್ನನ್ನು ಕೇಳಿಯೂ ಬಿಟ್ಟ: "ಆಂಟಿ, ನೀವು ಯಾವ ರೌಂಡ್ನಾಗ ಔಟ್ ಆದ್ರಿ?"

ಮುಂದಿನ ಸಂತೆಗೆ ಭಾಲ್ಕಿಗೆ ಹೋದೆ. ಕಟ್ಟೆ ಏರಲಿಲ್ಲ, ಓಣಿಯಲ್ಲೇ ನಿಂತೆ. ಮಾವಶಿ ನೋಡಿಯೂ ನೋಡದಂತೆ ಬಳೆ ಜೋಡಿಸುತ್ತಿದ್ದರು.

"ಮಾವಶಿ, ಹೇಳಾಕ ಬಂದೇನಿ."

"ನಂಗ ಯಾಕ ಹೇಳ್ತಿ? ನಂಗ ಸುಳ್ಳಬುರಕಿ ಅಂದವ್ರಿಗೆ ಹೇಳು. ಬರ್ತಾರ ಈಗ. ಬಂದಾಕಿ ಬಂದಾಕಿಗೆ ಹೇಳು."

ಬಂದರು. ಜಾಹೀರಾತು ತೆಗೆಸಿದ್ದರೂ ಅದರ ಸುದ್ದಿ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿತ್ತು. ಪ್ರತಿಯೊಬ್ಬಳೂ ಕೈ ಚಾಚುವ ಮೊದಲು ಅಡ್ಡ ನಿಂತು ಹೇಳಿದೆ: ಅರ್ಧ ಬೆಲೆ ಸುಳ್ಳು, ಇವರು ಹೇಳಿದ್ದಲ್ಲ, ವಿಡಿಯೊ ಮಾಡಿ ಕೊಟ್ಟವಳು ನಾನು, ಬೈಯುವುದಿದ್ದರೆ ನನಗೆ ಬೈಯಿರಿ. ಬೈದರು. ಒಬ್ಬಳು, ಬಸ್ಸಿನ ರೊಕ್ಕ ನೀನೇ ಕೊಡು ಅಂದಳು. ಇನ್ನೊಬ್ಬಳು ಮರಾಠಿಯಲ್ಲಿ ನನ್ನ ಅಪ್ಪನ ತನಕ ಹೋದಳು. ನಾನು ಮಾಲು ಹಾಕುತ್ತಿದ್ದ ಎದುರಿನ ಅಂಗಡಿಗಳವರು ಹೊರಗೆ ಬಂದು ನಿಂತು ನೋಡಿದರು. ಬಿಸಿಲು ನೆತ್ತಿಗೆ ಬಂತು, ಮೊಣಕಾಲು ಹಿಡಿಯಿತು. ಮಾವಶಿ ಕೂಡು ಅನ್ನಲಿಲ್ಲ, ನೀರೂ ಕೊಡಲಿಲ್ಲ. ಆದರೆ ಬೈದವರಲ್ಲಿ ಬಹಳ ಮಂದಿ ಬೈದ ಮೇಲೆ ಕೂತು, ಹೇಳಿದ ಬೆಲೆಗೇ ಬಳೆ ಇಡಿಸಿಕೊಂಡು ಹೋದರು.

ಸಂತೆ ಮುರಿಯುವ ಹೊತ್ತಿಗೆ ನಾನು ಚಪ್ಪಲಿ ಜಾಡಿಸಿ ಹೊರಟೆ. ಹಿಂದಿನಿಂದ ದನಿ ಬಂತು.

"ಏ ಪೋರಿ. ಹ್ವಾದ ಸಲ ಕೊಟ್ಟ ಕ್ಲಿಪ್ಪು ಎಲ್ಲಾ ಜಂಗ್ ಹಿಡಿದಾವ. ಎಂಥಾ ಹಲ್ಕಾ ಮಾಲು ತಂದು ಹಾಕ್ತಿ ನೀ?"

"ನೀರಿನ ಕೊಡದ ಪಕ್ಕ ಡಬ್ಬಿ ಇಟ್ರ ಬಂಗಾರನೂ ಜಂಗ್ ಹಿಡೀತದ ಮಾವಶಿ."

"ಬಾಯಿ ನೋಡು ಇಕಿದು! ಬದಲಿ ತಂದು ಕೊಡ್ತಿಯೋ ಇಲ್ಲೋ?"

"ಅರ್ಧಕ್ಕ ಬದಲಿ ಕೊಡ್ತೇನಿ, ಅರ್ಧ ನಿಮ್ಮ ತಪ್ಪು."

"ಎಲ್ಲಾ ಕೊಡಬೇಕು," ಅಂದರು ಮಾವಶಿ, ತುಕ್ಕು ಹಿಡಿದ ಕ್ಲಿಪ್ಪಿನ ಡಬ್ಬಿಯನ್ನು ಕಟ್ಟೆಯ ಅಂಚಿಗೆ ನೂಕುತ್ತ. ನಾನು ಚೀಲ ಇಳಿಸಿ ಕಟ್ಟೆ ಹತ್ತಿದೆ.